ಟೆಕ್ಸಸ್‌ನ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಹೇಳುವ ಗ್ರಾಜುಯೇಷನ್ ರೇಟ್ ನಂಬಬಹುದೇ?

ಡಲ್ಲಾಸ್‌ಗೆ ಬರುತ್ತಿದ್ದೀರಿ, ಮಗಳನ್ನು ಒಂಬತ್ತನೇ ತರಗತಿಗೆ ಸೇರಿಸಬೇಕು, ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್‌ಗಳು (ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು) ಹೇಳುವ ಗ್ರಾಜುಯೇಷನ್ ರೇಟ್, ಅಂದರೆ ಹೈಸ್ಕೂಲ್ ಮುಗಿಸಿದವರ ಶೇಕಡಾವಾರು, ಇದರ ಹಿಂದೆ ಕಾನೂನೇನಾದರೂ ಇದೆಯೇ ಎಂದು ಕೇಳಿದ್ದೀರಿ. ಇದೆ. 2015ರ ಡಿಸೆಂಬರ್‌ನಲ್ಲಿ ಒಬಾಮಾ ಸಹಿ ಹಾಕಿದ 'ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಆಕ್ಟ್'. ಫೆಡರಲ್ (ಕೇಂದ್ರ ಸರ್ಕಾರದ) ದುಡ್ಡು ಪಡೆಯುವ ಡಿಸ್ಟ್ರಿಕ್ಟ್‌ಗಳು ಪ್ರತಿ ವರ್ಷ ತಮ್ಮ ಶಾಲೆಗಳ ಫಲಿತಾಂಶ ತೋರಿಸುವ ರಿಪೋರ್ಟ್ ಕಾರ್ಡ್ ಪ್ರಕಟಿಸಲೇಬೇಕು.

ಅದರಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಗ್ರಾಜುಯೇಷನ್ ಲೆಕ್ಕ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷೆ ಬರೆದವರ ಪೈಕಿ ಎಷ್ಟು ಜನ ಪಾಸಾದರು ಎಂದು ನೋಡುತ್ತೇವೆ. ಒಂಬತ್ತರಲ್ಲೇ ಶಾಲೆ ಬಿಟ್ಟ ಹುಡುಗ ಆ ಶೇಕಡಾವಾರಿನಲ್ಲಿ ಎಲ್ಲೂ ಕಾಣುವುದಿಲ್ಲ. ಇಲ್ಲಿ ಎಣಿಕೆ ಶುರುವಾಗುವುದೇ ಒಂಬತ್ತರಿಂದ: ಆ ವರ್ಷ ಮೊದಲ ಸಲ ಸೇರಿದವರಲ್ಲಿ ನಾಲ್ಕು ವರ್ಷಕ್ಕೆ ಡಿಪ್ಲೊಮಾ (ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರ) ಪಡೆದವರೆಷ್ಟು? ನಡುವೆ ಬಂದವರನ್ನು ಕೂಡಿಸುತ್ತಾರೆ, ಬೇರೆ ಕಡೆ ಹೋದವರನ್ನು ಕಳೆಯುತ್ತಾರೆ. ಆದರೆ ಹೋದದ್ದಕ್ಕೆ ಬರಹದ ದಾಖಲೆ ಬೇಕು, ಇಲ್ಲದಿದ್ದರೆ ಆ ಮಗು ಲೆಕ್ಕದಲ್ಲೇ ಉಳಿದು ಡಿಪ್ಲೊಮಾ ಪಡೆಯದವರ ಸಾಲಿಗೆ ಸೇರುತ್ತದೆ. 2008ರಲ್ಲಿ ಫೆಡರಲ್ ನಿಯಮ ಬರುವ ತನಕ ಒಂದೊಂದು ರಾಜ್ಯ ಒಂದೊಂದು ಥರ ಎಣಿಸುತ್ತಿತ್ತು.

ಇದು ನನಗೆ ಗೊತ್ತಾದದ್ದು ಮಗನನ್ನು ಹನ್ನೊಂದರ ನಡುವೆ ಬೆಂಗಳೂರಿಗೆ ಕರೆದುಕೊಂಡು ಹೋದಾಗ. ಅವಸರದಲ್ಲಿ ಶಾಲೆಗೆ ಏನೂ ಬರೆದುಕೊಡದೆ ಹೊರಟುಬಿಟ್ಟಿದ್ದೆವು. ಆ ಶಾಲೆಯ ಕೌನ್ಸೆಲರ್ ಮತ್ತೆ ಮತ್ತೆ ಇಮೇಲ್ ಮಾಡಿದಾಗ, ಯಾಕಿಷ್ಟು ಒತ್ತಾಯ ಎಂದು ವಿಚಾರಿಸಿ ತಿಳಿದುಕೊಂಡೆ. ಊರಿಗೆ ವಾಪಸಾಗುವ ನಮ್ಮವರಿಗೆಲ್ಲ ಹೇಳುತ್ತೇನೆ: ಒಂದು ಸಾಲಾದರೂ ಬರೆದುಕೊಟ್ಟು ಹೊರಡಿ.

ಟೆಕ್ಸಸ್‌ನಲ್ಲಿ ಇನ್ನೊಂದು ಪದರವಿದೆ. 2017ರ ರಾಜ್ಯ ಕಾನೂನಿನಂತೆ ಶಾಲೆಗಳಿಗೆ ಎ ಇಂದ ಎಫ್ ತನಕ ಗ್ರೇಡ್ ಕೊಡುತ್ತಾರೆ. ಆ ಗ್ರೇಡಿಗೆ ಐದು, ಆರು ವರ್ಷ ತೆಗೆದುಕೊಂಡು ಮುಗಿಸಿದವರೂ ಲೆಕ್ಕಕ್ಕೆ ಬರಬಹುದು, ರಾಜ್ಯದ ಎಣಿಕೆಯಲ್ಲಿ ಕೆಲವರನ್ನು ಹೊರಗಿಡುವುದೂ ಉಂಟು. ಅದು ತಪ್ಪೆಂದು ನಾನು ಹೇಳುವುದಿಲ್ಲ, ನಿಧಾನವಾಗಿ ಮುಗಿಸಿದ ಮಕ್ಕಳೂ ಮುಗಿಸಿದವರೇ. ಆದರೆ ಎರಡು ಶಾಲೆ ಹೋಲಿಸುವಾಗ ಫೆಡರಲ್ ರಿಪೋರ್ಟ್ ಕಾರ್ಡ್‌ನ ನಾಲ್ಕು ವರ್ಷದ ಅಂಕಿಯನ್ನೇ ಹಿಡಿಯಿರಿ.

ಒಟ್ಟು ಅಂಕಿಗೇ ನಿಲ್ಲಬೇಡಿ. ಬಡ ಮಕ್ಕಳು, ಅಂಗವೈಕಲ್ಯವಿರುವವರು, ಇಂಗ್ಲಿಷ್ ಕಲಿಯುತ್ತಿರುವವರು, ಇವರ ಫಲಿತಾಂಶವನ್ನು ಬೇರೆ ಬೇರೆಯಾಗಿ ತೋರಿಸಬೇಕೆಂಬುದು 2002ರಲ್ಲಿ ಬುಷ್ ಸಹಿ ಹಾಕಿದ ಹಿಂದಿನ ಕಾನೂನಿನಿಂದ ಬಂದ ನಿಯಮ. ನಮ್ಮ ಮಕ್ಕಳು ಸಾಮಾನ್ಯವಾಗಿ 'ಏಷ್ಯನ್' ಕಾಲಮ್ಮಿನಲ್ಲಿರುತ್ತಾರೆ, ಅದು ಬಹಳ ಕಡೆ ಎತ್ತರದಲ್ಲೇ ಇರುತ್ತದೆ. ನಾನು ಮೊದಲು ನೋಡುವುದು ಇಂಗ್ಲಿಷ್ ಕಲಿಯುವವರ ಸಾಲನ್ನು. ಮನೆಯಲ್ಲಿ ಯಾರ ನೆರವೂ ಸಿಗದ ಮಗುವನ್ನು ಆ ಶಾಲೆ ಎಲ್ಲಿಗೆ ಮುಟ್ಟಿಸಿದೆ ಎಂಬುದು ಅಲ್ಲಿ ಕಾಣುತ್ತದೆ.