ಅಂಚೆಚೀಟಿಯನ್ನು ಯಾರೂ ಕದ್ದಿಲ್ಲ

ನಮಸ್ಕಾರ. ಉಡುಪಿಯಿಂದ ನೀವು ಕಳಿಸಿದ ‘ಸಾಗರದಾಚೆಯ ಓಲೆ’ ಲೇಖನವನ್ನು ಎರಡು ಸಲ ಓದಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಯೊಬ್ಬರು 1846ರಲ್ಲಿ ಮಂಗಳೂರಿನಿಂದ ತಂಗಿಗೆ ಬರೆದ ಕಾಗದ ನಿಮಗೆ ಸಿಕ್ಕಿತು. ಅದರ ಬೆನ್ನು ಹತ್ತಿ ಇನ್ನೂ ಕೆಲವನ್ನು ಕೂಡಿಸಿದಿರಿ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲಾರೆ. ಬಿಟ್ಟುಕೊಡಲೂ ಮನಸ್ಸಿಲ್ಲ.

ಮೊದಲ ಮೂರು ಪುಟ ತೆಗೆಯಿರಿ. 1834ರಲ್ಲಿ ಮಿಶನ್ನಿನ ಮೊದಲ ಪಾದ್ರಿಗಳಾದ ಹೆಬಿಕ್ ಮತ್ತು ಜೊತೆಗಾರರು ಬಂದದ್ದು, 1843ರ ಮಂಗಳೂರ ಸಮಾಚಾರ ಪತ್ರಿಕೆ, ಕಿಟೆಲ್ ನಿಘಂಟು, ಹಂಚಿನ ಕಾರ್ಖಾನೆ. ನಮ್ಮ ಓದುಗರಿಗೆ ಇದೆಲ್ಲ ಬಾಯಿಪಾಠ. ಎಲೆ ಹಾಕಿ ಕೂರಿಸಿ ಉಪ್ಪಿನಕಾಯಿಯನ್ನೇ ಬಡಿಸುತ್ತಾ ಇದ್ದರೆ ಹೇಗೆ?

‘ಅಂಚೆಚೀಟಿಯನ್ನು ಯಾರೋ ಕಿತ್ತುಕೊಂಡಿದ್ದಾರೆ’ ಎಂದು ಅರ್ಧ ಪುಟ ಮರುಗಿದ್ದೀರಿ. ಯಾರೂ ಕಿತ್ತಿಲ್ಲ ಮಾರಾಯ್ರೆ. ಆಗ ನಮ್ಮಲ್ಲಿ ಅಂಚೆಚೀಟಿಯೇ ಇರಲಿಲ್ಲ. ಸಿಂಧ್‌ನಲ್ಲಿ 1852ಕ್ಕೆ ಬಂತು, ದೇಶಕ್ಕೆಲ್ಲ 1854ಕ್ಕೆ. ಲಕೋಟೆಯೂ ಕಳೆದುಹೋಗಿಲ್ಲ. ಹಾಳೆಯನ್ನೇ ಮಡಿಸಿ, ಅರಗು ಒತ್ತಿ, ಹೊರಬದಿಗೆ ವಿಳಾಸ ಬರೆಯುತ್ತಿದ್ದರು. ನಿಮ್ಮ ಫೋಟೊದಲ್ಲಿ ಮಡಿಕೆ ಕಾಣುತ್ತದೆ, ಅಂಚೆ ಮುದ್ರೆಗಳೂ ಇವೆ. ಕಾಗದ ಹೋದ ದಾರಿಯನ್ನು ಅಲ್ಲೇ ಹುಡುಕಬೇಕಿತ್ತು. ನೀವು ಸುಮ್ನೆ ಸೂಯೆಜ್ ಕಾಲುವೆಯಲ್ಲಿ ಹಡಗು ಬಿಟ್ಟಿರಿ. ಕಾಲುವೆ ತೆರೆದದ್ದು 1869ರಲ್ಲಿ! ಅದಕ್ಕೆ ಮೊದಲು ಟಪಾಲು ಈಜಿಪ್ಟಿನಲ್ಲಿ ಇಳಿದು, ನೆಲದ ಮೇಲೆ ಸಾಗಿ, ಇನ್ನೊಂದು ಹಡಗು ಹತ್ತಬೇಕು. ಇಲ್ಲವಾದರೆ ಆಫ್ರಿಕವನ್ನೇ ಸುತ್ತಬೇಕು.

ಇದು ತಿದ್ದಿದರೆ ಮುಗಿಯಿತು. ಇನ್ನೊಂದು ತಪ್ಪು ದೊಡ್ಡದು. ತಂಗಿಗೆ ಬರೆದದ್ದನ್ನೂ ಬಾಸೆಲ್‌ನ ಕಮಿಟಿಗೆ ಬರೆದದ್ದನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ಕಮಿಟಿ ಅಂದರೆ ಯಜಮಾನರು. ಪಾದ್ರಿಗಳ ಮದುವೆಗೂ ಅವರ ಒಪ್ಪಿಗೆ ಬೇಕಿತ್ತು. ಇಲ್ಲಿಂದ ಹೋದ ವರದಿಗಳನ್ನು ಆಯ್ದು, ತಿದ್ದಿ, ಮಿಶನ್ನಿನ ಪತ್ರಿಕೆಯಲ್ಲಿ ಹಾಕುತ್ತಿದ್ದರು. ದುಡ್ಡು ಕೊಡುವವರು ಅದನ್ನು ಓದುತ್ತಿದ್ದರು. ಹಾಗಿರುವಾಗ ಮನುಷ್ಯ ಮಾತು ಅಳೆದೇ ಬರೆಯುತ್ತಾನೆ. ತಂಗಿಗೆ ಬರೆಯುವಾಗಲೂ ಎಲ್ಲ ಹೇಳುತ್ತಾನೆ ಅಂತಲ್ಲ. ದುಬೈಯಿಂದ ಫೋನ್ ಮಾಡುವ ನಮ್ಮ ಹುಡುಗರು ಜ್ವರ ಬಂದು ಮಲಗಿದ್ದರೂ ‘ಸೌಖ್ಯ ಅಮ್ಮ’ ಅನ್ನುತ್ತಾರೆ, ಅಲ್ವಾ? ಎರಡು ಕಾಗದವನ್ನು ಪಕ್ಕಪಕ್ಕ ಇಡಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದು ಏನು, ನೋಡಿ.

ಇಂಗ್ಲಿಷ್ ಸಾರಾಂಶವನ್ನು ಕನ್ನಡ ಮಾಡಿ, ಪಾದ್ರಿಯದೇ ಮಾತು ಎಂಬಂತೆ ಉದ್ಧರಣ ಚಿಹ್ನೆಯಲ್ಲಿ ಇಟ್ಟಿದ್ದೀರಿ. ಆ ಚಿಹ್ನೆ ತೆಗೆಯಿರಿ.

ಏಳನೇ ಪುಟ ಮಾತ್ರ ಮುಟ್ಟಬೇಡಿ. ಜರ್ಮನ್ ಕಲಿಸುವ ಟೀಚರ್ ಆ ಹಳೆಯ ಕುರೆಂಟ್ ಕೈಬರಹ ಹಿಡಿದು, ‘ಇದು e ಅಕ್ಷರವೋ n ಅಕ್ಷರವೋ’ ಎಂದು ಗೊಣಗುತ್ತಾ, ಸಂಜೆಯಿಡೀ ಕೂತು ಒಂದೇ ಸಾಲು ಬಿಡಿಸಿದ್ದು. ಚಹಾ ಆರಿ ಕೆನೆ ಕಟ್ಟಿದ್ದು. ಲೇಖನ ಅಲ್ಲಿಂದ ಶುರುವಾಗಲಿ. ನಿಮಗೆ ಬರೆಯಲು ಬರುತ್ತದೆ ಎಂದು ನನಗೆ ಅನ್ನಿಸಿದ್ದು ಅಲ್ಲಿ. ಉಳಿದ ಕಡೆ ‘ಅಮೂಲ್ಯ ನಿಧಿ’ ಎಂಬ ಮಾತು ಐದು ಸಲ ಬಂದಿದೆ, ಐದನ್ನೂ ಹೊಡೆದುಹಾಕಿದ್ದೇನೆ.

ಸಾವಿರ ಪದದೊಳಗೆ ಇನ್ನೊಮ್ಮೆ ಕಳಿಸಿ. ಮತ್ತೆ, ಹರಿದ ಮಡಿಕೆಗೆ ಸೆಲೋಟೇಪ್ ಹಚ್ಚಿದ್ದು ಫೋಟೊದಲ್ಲಿ ಕಂಡಿತು. ನೀವೇ ಕೀಳಲು ಹೋಗಬೇಡಿ, ಶಾಯಿಯೂ ಜೊತೆಗೆ ಬರುತ್ತದೆ. ಮಂಗಳೂರು ಬಲ್ಮಠದ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಶನ್ನಿನ ಹಳೆಯ ಕಾಗದಪತ್ರ ಕಾಪಾಡಿಟ್ಟಿದ್ದಾರೆ. ಮೊದಲು ಅಲ್ಲಿ ಹೋಗಿ ಕೇಳಿ.