ಬಯೋಮೆಡಿಕಲ್ ಸೈನ್ಸ್ ಡಿಗ್ರಿ: ಮಾನ್ಯತೆ ಮತ್ತು ಮುಂದಿನ ದಾರಿ

ಮಂಗಳೂರಿನಲ್ಲಿ ಬಿಎಸ್ಸಿ ಬಯೋಮೆಡಿಕಲ್ ಸೈನ್ಸ್ ಸೇರುವುದಕ್ಕೆ ಕಾಲೇಜಿನ ನ್ಯಾಕ್ (ಕಾಲೇಜು, ವಿವಿಗಳ ಗುಣಮಟ್ಟ ಅಳೆಯುವ ಸಂಸ್ಥೆ) ಗ್ರೇಡ್ ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನ್ಯಾಕ್ ಗ್ರೇಡ್ ಸಂಸ್ಥೆಗೆ ಸಿಗುವಂಥದ್ದು, ನಿಮ್ಮ ಕೋರ್ಸಿಗಲ್ಲ. ಡಿಗ್ರಿ ಕೊಡುವ ವಿಶ್ವವಿದ್ಯಾಲಯ ಯುಜಿಸಿ (ವಿಶ್ವವಿದ್ಯಾಲಯಗಳನ್ನು ನಿಯಂತ್ರಿಸುವ ಕೇಂದ್ರ ಸಂಸ್ಥೆ) ಪಟ್ಟಿಯಲ್ಲಿರಬೇಕು. ಮಣಿಪಾಲದ ಮಾಹೆ, ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯ, ಕೊಣಾಜೆಯ ಮಂಗಳೂರು ವಿವಿ ಎಲ್ಲವೂ ಇವೆ, ಆ ಚಿಂತೆ ಬೇಡ.

ನಿಜವಾದ ಪ್ರಶ್ನೆ ಬೇರೆ. ಆಸ್ಪತ್ರೆ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸವೇ ಬೇಕು ಅಂದರೆ ಬಿಎಸ್ಸಿ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ನೇರ ದಾರಿ, ಯಾಕೆಂದರೆ ಅಲ್ಲಿ ಕೇಳುವುದೇ ಆ ಡಿಗ್ರಿ, ಜೊತೆಗೆ 2021ರ ಅಲೈಡ್ ಹೆಲ್ತ್ (ಲ್ಯಾಬ್ ಟೆಕ್ನಿಷಿಯನ್‌ರಂಥ ಆರೋಗ್ಯ ವೃತ್ತಿಗಳ) ಕಾನೂನು ಬಂದ ಮೇಲೆ ನೋಂದಣಿಯ ವಿಷಯವೂ ಮುಖ್ಯ. ಈ ಡಿಗ್ರಿಗೆ ನೋಂದಣಿ ಸಿಗುತ್ತದಾ ಅಂತ ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಿ, ಬರಹದಲ್ಲೇ ಉತ್ತರ ತಗೊಳ್ಳಿ.

ಬಯೋಮೆಡಿಕಲ್ ಸೈನ್ಸ್ ಜಾಸ್ತಿ ಹೊಂದುವುದು ಸಂಶೋಧನೆಗೆ. ಎಂಎಸ್ಸಿ ಮಾಡಿ, ಸಿಎಸ್‌ಐಆರ್ ನೆಟ್ (ವಿಜ್ಞಾನ ಸಂಶೋಧನೆಗೆ ಇರುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದು ಪಿಎಚ್‌ಡಿಗೆ ಹೋಗಬಹುದು. ಹೊಸ ಔಷಧಿಗಳನ್ನು ಜನರ ಮೇಲೆ ಪರೀಕ್ಷಿಸುವ ಕ್ಲಿನಿಕಲ್ ರಿಸರ್ಚ್, ಔಷಧಿಗಳ ಅಡ್ಡಪರಿಣಾಮ ಗಮನಿಸುವ ಫಾರ್ಮಕೋವಿಜಿಲೆನ್ಸ್ ಕೂಡ ಇವೆ.

ಬ್ರಿಟನ್ ಕನಸಿದ್ದರೆ ಗಮನಿಸಿ: ಅಲ್ಲಿ ಎಚ್‌ಸಿಪಿಸಿ (ಆರೋಗ್ಯ ವೃತ್ತಿಗಳ ನೋಂದಣಿ ನೋಡುವ ಮಂಡಳಿ) ನೋಂದಣಿ ಇಲ್ಲದೆ ಬಯೋಮೆಡಿಕಲ್ ಸೈಂಟಿಸ್ಟ್ ಅಂತ ಕರೆದುಕೊಳ್ಳುವ ಹಾಗೇ ಇಲ್ಲ. ಅಲ್ಲಿಗೇ ಓದಲು ಹೋಗುವುದಾದರೆ ಐಬಿಎಂಎಸ್ (ಅಲ್ಲಿನ ಬಯೋಮೆಡಿಕಲ್ ಸೈನ್ಸ್ ವೃತ್ತಿ ಸಂಸ್ಥೆ) ಮಾನ್ಯತೆ ಇರುವ ಕೋರ್ಸನ್ನೇ ಆರಿಸಿ.