ಬೋಲ್ಟ್ ಬಿಗಿಯಾಗಿದೆ, ಆದರೂ ಕ್ಲಾಂಪ್ ಜಾರುತ್ತದೆ ಯಾಕೆ?

ಆಷಾಢದ ಗಾಳಿ ಇಳಿಯುತ್ತಿದ್ದಂತೆ ಇಂಥ ಪ್ರಶ್ನೆಗಳು ಸಾಲುಗಟ್ಟಿ ಬರುತ್ತವೆ. ರೇಲ್ ಅಂದರೆ ಉದ್ದಕ್ಕೆ ತೋಡಿರುವ ಲೋಹದ ಕಂಬಿ. ಆ ತೋಡಿನೊಳಗೆ ಕೂತ ನಟ್‌ಗೆ ಬೋಲ್ಟ್ ಬಿಗಿದು, ಸಾಮಾನನ್ನು ಕಂಬಿಗೆ ಒತ್ತಿ ಹಿಡಿಯುವುದೇ ಕ್ಲಾಂಪ್. ಚಿತ್ರದುರ್ಗ, ದಾವಣಗೆರೆ ಕಡೆಯ ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದು ಉದ್ದವಾಯಿತು. ಆದರೆ ಅಲ್ಲಿ ಹೇಳಿದ್ದು ಉಳಿದವಕ್ಕೂ ಬೇಕಾಗುತ್ತದೆ.

ಪ್ರಶ್ನೆ: ನಮ್ಮ ಮನೆ ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆ. ತಾರಸಿ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದ್ದೇವೆ. ಅಲ್ಯೂಮಿನಿಯಂ ರೇಲ್‌ಗಳು ಇಳಿಜಾರಿನ ಉದ್ದಕ್ಕೇ ಇವೆ. ಈ ಸಲದ ಗಾಳಿಗೆ ಎರಡು ಪ್ಯಾನೆಲ್ ಕ್ಲಾಂಪ್ ಸಮೇತ ಒಂದು ಇಂಚು ಕೆಳಗೆ ಜಾರಿವೆ. ಹುಡುಗರು ಬಂದು ಬಿಗಿ ಮಾಡಿ ಹೋದರು. ಮತ್ತೆ ಜಾರಿತು. ದಪ್ಪ ಬೋಲ್ಟ್ ಹಾಕಿಸಲಾ? ಸ್ಪ್ರಿಂಗ್ ವಾಷರ್ ಎರಡೆರಡು ಹಾಕಿದರೆ ನಿಲ್ಲುತ್ತಾ ಸಾರ್?

ಉತ್ತರ: ಎರಡೂ ಬೇಡ. ಮೊದಲು ಒಂದು ಲೆಕ್ಕ ನೋಡಿ. 540 ವಾಟ್‌ನ ಒಂದು ಪ್ಯಾನೆಲ್ ಸುಮಾರು 28 ಕೆ.ಜಿ. ತೂಗುತ್ತದೆ. ನಮ್ಮ ಊರುಗಳು 14 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ, ಹಾಗಾಗಿ ಪ್ಯಾನೆಲ್ಲನ್ನು ಸಾಮಾನ್ಯವಾಗಿ 15 ಡಿಗ್ರಿ ವಾಲಿಸುತ್ತಾರೆ. ಆ ಇಳಿಜಾರಿನಲ್ಲಿ ಒಂದು ಪ್ಯಾನೆಲ್ ಕೆಳಕ್ಕೆ ಎಳೆಯುವ ಭಾರ ಬರೀ 7 ಕೆ.ಜಿ. ಚಿಲ್ಲರೆ. ಎರಡು ಸೇರಿದರೂ 15 ಕೆ.ಜಿ. ದಾಟಲ್ಲ.

ಈಗ ಇನ್ನೊಂದು ಕಡೆ ನೋಡಿ. 8 ಎಂಎಂ ಬೋಲ್ಟನ್ನು 15 ನ್ಯೂಟನ್ ಮೀಟರ್ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿದರೆ ಅದು ಕ್ಲಾಂಪನ್ನು ರೇಲ್ ಮೇಲೆ ಒತ್ತುವ ಬಲ ಹೆಚ್ಚುಕಮ್ಮಿ 900 ಕೆ.ಜಿ. ನಟ್‌ಗೆ ಹಲ್ಲೇ ಇಲ್ಲ, ಅಲ್ಯೂಮಿನಿಯಂ ನುಣುಪಾಗಿದೆ, ಐದನೇ ಒಂದು ಪಾಲು ಮಾತ್ರ ಹಿಡಿತ ಸಿಗುತ್ತದೆ ಅಂತಿಟ್ಟುಕೊಂಡರೂ ಒಂದು ಬೋಲ್ಟ್ 180 ಕೆ.ಜಿ. ತಡೆಯಬೇಕು. ಅಂದರೆ 15 ಕೆ.ಜಿ.ಗೆ ಜಾರಿದೆ ಅಂದಮೇಲೆ, ಜಾರಿದ ಹೊತ್ತಿನಲ್ಲಿ ಆ ಬೋಲ್ಟ್‌ನಲ್ಲಿ ಒತ್ತುವ ಬಲವೇ ಇರಲಿಲ್ಲ. ಬೋಲ್ಟ್ ಸಣ್ಣದಾಯಿತು ಅನ್ನುವ ಮಾತೇ ಇಲ್ಲಿ ಬರುವುದಿಲ್ಲ. ಆ ರೇಲ್‌ನ ತೋಡೂ 8 ಎಂಎಂಗೆ ಮಾಡಿದ್ದಾದರೆ, 10 ಎಂಎಂ ನಟ್ ಅದರೊಳಗೆ ಕೂರುವುದೂ ಇಲ್ಲ.

ಬಲ ಎಲ್ಲಿಗೆ ಹೋಯಿತು? ಬೋಲ್ಟ್ ಬಿಗಿಯುವಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ನೋಡುತ್ತದೆ, ಆ ಎಳೆತವೇ ಹಿಡಿತ. ನಾವು ಪಾನ (ಸ್ಪ್ಯಾನರ್) ತಿರುಗಿಸುವ ಶ್ರಮದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಈ ಹಿಗ್ಗುವಿಕೆಗೆ ಸಲ್ಲುತ್ತದೆ. ಉಳಿದದ್ದು ಥ್ರೆಡ್‌ನ ಉಜ್ಜಾಟಕ್ಕೆ, ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ. ನಡುವೆ ಸಿಕ್ಕಿಕೊಂಡ ಪೇಂಟ್, ಧೂಳು, ಮೆತ್ತನೆ ಸತುವಿನ ಪದರ ಸ್ವಲ್ಪ ಕುಸಿದರೂ ಸಾಕು, ಆ ಹಿಗ್ಗು ಮಾಯ. ಟ್ರ್ಯಾಕ್ಟರ್ ಮೇಲೆ ಮೇವು ಹೇರಿ ಹಗ್ಗ ಬಿಗಿದಿರುತ್ತೀರಿ. ಊರು ಮುಟ್ಟುವಷ್ಟರಲ್ಲಿ ಮೇವು ಕೂತು ಹಗ್ಗ ಸಡಿಲ ಆಗಿರುತ್ತದೆ. ಗಂಟು ಮಾತ್ರ ಹಾಗೇ ಇರುತ್ತದೆ, ಅಲ್ವಾ? ಹಾಗೆಯೇ ನಟ್ ತಿರುಗದೇ ಇದ್ದರೂ ಹಿಡಿತ ಹೋಗಬಹುದು.

ಇದರ ಮೇಲೆ ಗಾಳಿ. ಗಂಟೆಗೆ 72 ಕಿ.ಮೀ. ಗಾಳಿ ಚದರ ಮೀಟರಿಗೆ ಸುಮಾರು 24 ಕೆ.ಜಿ. ಒತ್ತಡ ತರಬಲ್ಲದು. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ನಿಮ್ಮ ಪ್ಯಾನೆಲ್ ಎರಡೂವರೆ ಚದರ ಮೀಟರ್‌ಗಿಂತ ತುಸು ಜಾಸ್ತಿಯೇ ಇರುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲವಲ್ಲ. ಗಾಳಿ ಬೀಸಿ ಬೀಸಿ ಬಿಟ್ಟಾಗ ಪ್ಯಾನೆಲ್ ಎದ್ದು ಕೂತು ನಡುಗುತ್ತದೆ. ಆ ನಡುಕದಲ್ಲಿ ಕ್ಲಾಂಪ್ ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಯುತ್ತದೆ, ನಟ್ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಹೀಗೆ ಅಡ್ಡಡ್ಡ ಅಲುಗಾಟಕ್ಕೇ ಬೋಲ್ಟ್ ಸಡಿಲವಾಗುತ್ತದೆ ಎಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಯಂತ್ರ ಇಟ್ಟು ತೋರಿಸಿದರು. ಈಗಲೂ ಅದೇ ಪರೀಕ್ಷೆಯನ್ನು ಜಗತ್ತೆಲ್ಲ ಮಾಡುತ್ತದೆ. ಅದರಲ್ಲಿ ಮೊದಲು ಸೋಲುವ ಸಾಮಾನುಗಳಲ್ಲಿ ನಮ್ಮ ಸೀಳು ಸ್ಪ್ರಿಂಗ್ ವಾಷರ್ ಒಂದು. ಎರಡು ಹಾಕಿದರೆ ಎರಡೂ ಸೋಲುತ್ತವೆ.

ಹಾಗಾದರೆ ಮಾಡುವುದೇನು? ಒಂದು ಕ್ಲಾಂಪ್ ಪೂರ್ತಿ ಬಿಚ್ಚಿಸಿ ನೋಡಿ. ನಟ್ ಯಾವ ಕಂಪನಿಯದು, ರೇಲ್ ಯಾವ ಕಂಪನಿಯದು? ಒಂದೇ ಸೆಟ್ ಅಲ್ಲದಿದ್ದರೆ ನನ್ನ ಅನುಮಾನ ಮೊದಲು ಅಲ್ಲೇ. ನಟ್ ರೇಲ್‌ನ ಎರಡೂ ತುಟಿಗಳಿಗೆ, ಅಂದರೆ ತೋಡಿನ ಬಾಯಿಯ ಎರಡೂ ಅಂಚಿಗೆ, ಸಮನಾಗಿ ಆತು ಕೂರಬೇಕು. ಒಂದೇ ತುಟಿಗೆ ಆತುಕೊಂಡಿದ್ದರೆ ಎಷ್ಟು ಬಿಗಿದರೂ ಅಷ್ಟೇ. ಟಿ ಆಕಾರದ ತಲೆಯ ಬೋಲ್ಟ್ ಆದರೆ ಅದರ ತುದಿಯಲ್ಲಿ ಒಂದು ಗೀಟು ಕೊರೆದಿರುತ್ತಾರೆ. ಬಿಗಿದ ಮೇಲೆ ಆ ಗೀಟು ರೇಲ್‌ಗೆ ಅಡ್ಡ ಇರಬೇಕು. ಓರೆಯಾಗಿದ್ದರೆ ಒಳಗೆ ತಲೆ ಅರ್ಧವೇ ತಿರುಗಿದೆ ಎಂದು ಅರ್ಥ. ಬಹಳ ಮನೆಗಳಲ್ಲಿ ಇದೊಂದೇ ಕಾರಣ ಇರುತ್ತದೆ, ಯಾರೂ ನೋಡುವುದಿಲ್ಲ.

ಆಮೇಲೆ ಎಂಡ್ ಕ್ಲಾಂಪ್‌ನ, ಅಂದರೆ ಸಾಲಿನ ಕೊನೆಯ ಪ್ಯಾನೆಲ್ಲನ್ನು ಹಿಡಿಯುವ ಕ್ಲಾಂಪ್‌ನ, ಎತ್ತರ. ಪ್ಯಾನೆಲ್‌ನ ಚೌಕಟ್ಟು 30, 35, 40 ಎಂಎಂ ಹೀಗೆ ಬರುತ್ತದೆ. 35ರ ಚೌಕಟ್ಟಿಗೆ 40ರ ಕ್ಲಾಂಪ್ ಹಾಕಿದರೆ ಅದು ವಾಲಿಕೊಂಡು ಕೂರುತ್ತದೆ. ಕೈಗೆ ಬಿಗಿ ಅನ್ನಿಸುತ್ತದೆ, ಆದರೆ ಒತ್ತುವುದು ಒಂದು ಮೂಲೆ ಮಾತ್ರ. ಕ್ಲಾಂಪ್ ರೇಲ್‌ನ ತೀರಾ ತುದಿಯಲ್ಲಿದ್ದರೂ ತೊಂದರೆ, ಅಲ್ಲಿ ತುಟಿ ಸುಲಭವಾಗಿ ಬಾಯಿ ಬಿಡುತ್ತದೆ. ಒಂದೆರಡು ಇಂಚು ಒಳಗಿರಲಿ.

ಮತ್ತೆ ಹಾಕುವಾಗ ತುಟಿಯನ್ನೂ ನಟ್‌ನ ಹಲ್ಲನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಅಲ್ಲಿಗೆ ಎಣ್ಣೆ, ಗ್ರೀಸ್ ಏನೂ ತಾಗಬಾರದು. ಸ್ಟೇನ್‌ಲೆಸ್ ಬೋಲ್ಟ್‌ನ ಥ್ರೆಡ್‌ಗೆ ಮಾತ್ರ ಒಂದಿಷ್ಟು ಆಂಟಿ ಸೀಜ್ ಪೇಸ್ಟ್ ಸವರಬಹುದು. ಇಲ್ಲದಿದ್ದರೆ ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಕಚ್ಚಿಕೊಂಡು ಅರ್ಧದಲ್ಲೇ ಜಾಮ್ ಆಗುತ್ತದೆ, ಬಿಗಿಯಾಯಿತು ಅಂತ ನಾವು ಮೋಸ ಹೋಗುತ್ತೇವೆ. ಪೇಸ್ಟ್ ಸವರಿದರೆ ಟಾರ್ಕ್ ಕಾಲು ಭಾಗದಷ್ಟು ಇಳಿಸಿ, ಇಲ್ಲದಿದ್ದರೆ ಬೋಲ್ಟ್ ಮೇಲೆ ಭಾರ ಮಿತಿ ಮೀರುತ್ತದೆ. ಹಲ್ಲಿರುವ ಫ್ಲ್ಯಾಂಜ್ ನಟ್ (ಬುಡ ಅಗಲವಿರುವುದು) ಅಥವಾ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವುದು) ಹಾಕಿಸಿ. ನೈಲಾಕ್ ನಟ್ ಉದುರದಂತೆ ಕಾಯುತ್ತದೆ, ಕುಸಿದ ಬಿಗಿಯನ್ನು ಅದು ವಾಪಸ್ ತರುವುದಿಲ್ಲ. ಅದಕ್ಕೇ ಹಾಕಿದ ಕೆಲವು ವಾರಗಳ ಮೇಲೆ ಒಂದು ಸುತ್ತು ಮತ್ತೆ ಟಾರ್ಕ್ ನೋಡಬೇಕು.

ಟಾರ್ಕ್ ರೆಂಚ್ ಇಟ್ಟುಕೊಂಡಿರುವ ತಂಡವನ್ನೇ ಕರೆಸಿ. ಅಂಕಿ ಕಂಪನಿಯ ಪುಸ್ತಕದಲ್ಲಿರುತ್ತದೆ, 8 ಎಂಎಂ ಕ್ಲಾಂಪ್‌ಗೆ ಬಹುತೇಕ 12ರಿಂದ 16 ನ್ಯೂಟನ್ ಮೀಟರ್. 15 ಅಂದರೆ ಗೇಣುದ್ದದ ಪಾನದ ತುದಿಯಲ್ಲಿ ಏಳೂವರೆ ಕೆ.ಜಿ. ಒತ್ತಿದಷ್ಟು. ಪಾನಕ್ಕೆ ಪೈಪ್ ಸಿಕ್ಕಿಸಿ ಜಗ್ಗಿದರೆ ಅಲ್ಯೂಮಿನಿಯಂ ತುಟಿ ಹೊರಕ್ಕೆ ಬಾಗುತ್ತದೆ. ಬಾಗಿದ ಕಡೆ ಇನ್ನು ಯಾವ ನಟ್ಟೂ ಹಿಡಿಯಲ್ಲ, ಕ್ಲಾಂಪನ್ನು ಜಾಗ ಬದಲಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ, ರೇಲ್ ಇಳಿಜಾರಿನುದ್ದಕ್ಕೆ ಇರುವ ನಿಮ್ಮಂಥ ಮನೆಯಲ್ಲಿ ನಾನಾದರೆ ಕೆಳಗಿನ ಕ್ಲಾಂಪ್‌ನ ಕೆಳಗೆ ರೇಲ್‌ಗೆ ತೂತು ಹೊಡೆಸಿ ಒಂದು ಅಡ್ಡ ಬೋಲ್ಟ್ ಹಾಕಿಸುತ್ತೇನೆ. ಉಜ್ಜಾಟದ ಹಿಡಿತ ಎಂದಾದರೂ ಕೈಕೊಟ್ಟರೆ ಕ್ಲಾಂಪ್ ಅಲ್ಲಿಗೆ ಬಂದು ನಿಲ್ಲುತ್ತದೆ. ತಾರಸಿ ಅಂಚಿನಲ್ಲಿ ನೀವೇ ಪಾನ ಹಿಡಿದು ಕೂರಬೇಡಿ. ಇನ್ವರ್ಟರ್ ಆಫ್ ಮಾಡಿದರೂ ಬಿಸಿಲಿರುವಾಗ ಪ್ಯಾನೆಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಪ್ರಶ್ನೆ: ದಾವಣಗೆರೆಯಲ್ಲಿ ಫ್ಯಾಬ್ರಿಕೇಷನ್ ಕೆಲಸ ನಮ್ಮದು. ಒಂದು ರೈಸ್‌ಮಿಲ್‌ನಲ್ಲಿ ನೆಟ್ಟಗೆ ನಿಲ್ಲಿಸಿದ ಚಾನೆಲ್‌ಗೆ (ಒಂದು ಬದಿ ತೆರೆದ ಉಕ್ಕಿನ ಕಂಬಿಗೆ) ಸ್ಪ್ರಿಂಗ್ ನಟ್ ಹಾಕಿ ಪೈಪ್ ಹಿಡಿಸಿದ್ದೇವೆ. ಚಾನೆಲ್‌ಗೆ ಪೌಡರ್ ಕೋಟಿಂಗ್ ಇದೆ. ನಟ್‌ಗಳು ಕೆಳಕ್ಕೆ ಇಳಿಯುತ್ತಿವೆ. ಗಟ್ಟಿ ಸ್ಪ್ರಿಂಗ್‌ನ ನಟ್ ತರಿಸಲಾ, ಇಲ್ಲಾ ಒಂದೊಂದು ಚುಕ್ಕಿ ವೆಲ್ಡಿಂಗ್ ಹೊಡೆದುಬಿಡಲಾ?

ಉತ್ತರ: ಆ ಸ್ಪ್ರಿಂಗ್ ಭಾರ ಹೊರುವುದಕ್ಕೆ ಇರುವುದೇ ಅಲ್ಲ. ನೀವು ಬೋಲ್ಟ್ ಹಾಕುವವರೆಗೆ ನಟ್ ಒಳಗೆ ಬೀಳದಂತೆ ಹಿಡಿದುಕೊಳ್ಳುವುದಷ್ಟೇ ಅದರ ಕೆಲಸ. ಹಿಡಿಯುವುದು ನಟ್‌ನ ಮೇಲಿರುವ ಎರಡು ತೋಡು, ಅದರೊಳಗಿನ ಹಲ್ಲು. ಚಾನೆಲ್‌ನ ಮಡಚಿದ ತುಟಿಯ ಅಂಚು ಆ ತೋಡಿನೊಳಗೆ ಕೂತು, ಹಲ್ಲು ಅಂಚಿಗೆ ಕಚ್ಚಬೇಕು. ಅಮೆರಿಕದ ಮಿಶಿಗನ್‌ನಲ್ಲಿ ಚಾರ್ಲ್ಸ್ ಆಟ್‌ವುಡ್ 1924ರಲ್ಲಿ ಈ ಚಾನೆಲ್ ಪದ್ಧತಿ ಶುರು ಮಾಡಿದಾಗಿನಿಂದ ಮೂಲ ಉಪಾಯ ಅದೇ. ನಿಮ್ಮ ಚಾನೆಲ್‌ನಲ್ಲಿ ಹಲ್ಲು ಉಕ್ಕನ್ನು ಕಚ್ಚುತ್ತಿಲ್ಲ, ಪೌಡರ್ ಕೋಟಿಂಗನ್ನು ಕಚ್ಚುತ್ತಿದೆ. ಅದು ಪ್ಲಾಸ್ಟಿಕ್ ಇದ್ದ ಹಾಗೆ, ಒತ್ತಡಕ್ಕೆ ನಿಧಾನ ಹಿಂಡಿಕೊಂಡು ಹೋಗುತ್ತದೆ. ನಟ್ ಕೂರುವ ಎರಡು ಇಂಚಿನಷ್ಟು ಜಾಗದಲ್ಲಿ ತುಟಿಯ ಒಳಅಂಚಿನ ಕೋಟಿಂಗ್ ಅರದಲ್ಲಿ ಕೆರೆದು ಉಕ್ಕು ಕಾಣಿಸಿ. ಬಿಗಿದಾದ ಮೇಲೆ ಸುತ್ತ ಸತುವಿನ ಪೇಂಟ್ ಹಚ್ಚಿ, ತುಕ್ಕು ಹಿಡಿಯಲ್ಲ.

ನಟ್‌ನ ಗುಣವೂ ಮುಖ್ಯ. ಹಲ್ಲು ಚಾನೆಲ್‌ಗಿಂತ ಗಡುಸಾಗಿರಬೇಕು, ಅಂದರೆ ಮೇಲ್ಮೈ ಹದ ಮಾಡಿದ ನಟ್. ಪರೀಕ್ಷೆ ಸುಲಭ: ಒಂದು ನಟ್ ಬಿಗಿದು ಬಿಚ್ಚಿ ನೋಡಿ. ತುಟಿಯ ಅಂಚಿನಲ್ಲಿ ಹಲ್ಲಿನ ಗುರುತು ಮೂಡಿದ್ದರೆ ಸರಿ. ಹಲ್ಲೇ ಚಪ್ಪಟೆಯಾಗಿದ್ದರೆ ಅಂಗಡಿಗೆ ವಾಪಸ್. ಬಿಸಿ ಸತುವಿನಲ್ಲಿ ಅದ್ದಿದ ನಟ್‌ಗಳಲ್ಲಿ ಹಲ್ಲಿನ ಸಂದು ಸತು ತುಂಬಿ ಮೊಂಡಾಗಿರುವುದೂ ಉಂಟು, ಕೊಳ್ಳುವಾಗ ಬೆರಳಾಡಿಸಿ ನೋಡಿ.

ಇನ್ನು ವಾಷರ್. ತೆಳು ದುಂಡು ವಾಷರ್ ಹಾಕಿದ್ದರೆ ಅದು ಸಂದಿಯೊಳಕ್ಕೆ ಬಾಗುತ್ತದೆ, ತುಟಿಗಳು ಬಾಯಿ ಬಿಡುತ್ತವೆ. 40 ಎಂಎಂ ಚೌಕದ, 5 ಎಂಎಂ ದಪ್ಪದ ಪಟ್ಟಿ ಹಾಕಿ. ಆಗ ತುಟಿ ನಟ್‌ಗೂ ಪಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಚಾನೆಲ್ ದಪ್ಪ ಅಳೆಯಿರಿ. ಅಮೆರಿಕದ ತಯಾರಕರ ಪಟ್ಟಿಯಲ್ಲಿ ಅರ್ಧ ಇಂಚಿನ ನಟ್‌ಗೆ ಎಳೆದು ಕೀಳುವ ದಿಕ್ಕಿನಲ್ಲಿ ಸುಮಾರು 900 ಕೆ.ಜಿ., ಉದ್ದಕ್ಕೆ ಜಾರುವ ದಿಕ್ಕಿನಲ್ಲಿ ಸುಮಾರು 680 ಕೆ.ಜಿ. ಕೊಡುತ್ತಾರೆ. ಆದರೆ ಅದು ಎರಡೂವರೆ ಎಂಎಂ ದಪ್ಪದ ಚಾನೆಲ್‌ಗೆ, 68 ನ್ಯೂಟನ್ ಮೀಟರ್ ಬಿಗಿಗೆ. ತೂಕ ಉಳಿಸಲು ಒಂದೂವರೆ ಎಂಎಂ ಚಾನೆಲ್ ತಂದು ಅದೇ ಅಂಕಿ ನಂಬಿಕೊಳ್ಳುವ ಹಾಗಿಲ್ಲ. ಜಾರುವ ದಿಕ್ಕಿನ ಅಂಕಿ ಕಮ್ಮಿ ಇರುವುದನ್ನೂ ಗಮನಿಸಿ. ನಿಮ್ಮದು ನೆಟ್ಟಗಿನ ಚಾನೆಲ್, ಭಾರವೆಲ್ಲ ಅದೇ ದಿಕ್ಕಿಗೆ ಬೀಳುತ್ತಿದೆ.

ವೆಲ್ಡಿಂಗ್ ಮಾತ್ರ ಬೇಡ. ಶಾಖಕ್ಕೆ ಹಲ್ಲಿನ ಹದ ಹೋಗುತ್ತದೆ. ಸತುವಿನ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ, ಅದು ನಿಮಗೆ ಗೊತ್ತೇ ಇರುತ್ತದೆ. ಭಾರ ದೊಡ್ಡದಾದರೆ ಪ್ರತಿ ಬ್ರಾಕೆಟ್ ಕೆಳಗೆ ಇನ್ನೊಂದು ನಟ್ ಮತ್ತು ಪಟ್ಟಿಯ ತಡೆ ಕೊಡಿ. ಹೊಸ ಕೆಲಸವಾದರೆ ತುಟಿಗೂ ಹಲ್ಲು ಕೊರೆದ ಚಾನೆಲ್ ಸಿಗುತ್ತದೆ. ನಟ್‌ನ ಹಲ್ಲು ಅದರ ಹಲ್ಲಿನೊಳಗೆ ಕೂರುವುದರಿಂದ ಉಜ್ಜಾಟವನ್ನು ನಂಬಿ ಕೂರುವ ಪಾಡಿಲ್ಲ. ರೇಟ್ ಜಾಸ್ತಿ, ಆದರೆ ಯಂತ್ರ ನಡುಗುವ ಕಡೆ ನಾನು ಅದನ್ನೇ ಹೇಳುತ್ತೇನೆ.

ಪ್ರಶ್ನೆ: ಚಳ್ಳಕೆರೆಯಲ್ಲಿ ನಮ್ಮ ಎಣ್ಣೆ ಮಿಲ್ ಇದೆ. ಕರೆಂಟಿನ ಪ್ಯಾನೆಲ್ ಬೋರ್ಡ್‌ನಲ್ಲಿ ಡಿನ್ ರೇಲ್ (ಸ್ವಿಚ್ ಸಿಕ್ಕಿಸುವ ಲೋಹದ ಪಟ್ಟಿ) ಮೇಲಿನ ಎಂಸಿಬಿ (ಲೋಡ್ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ವೈರ್ ಕೂಡಿಸುವ ಟರ್ಮಿನಲ್ ಎಲ್ಲ ದಿನ ಕಳೆದಂತೆ ಒಂದು ಕಡೆಗೆ ಸರಿದು ವೈರ್ ಜಗ್ಗುತ್ತವೆ. ಅಂಟು ಹಾಕಬಹುದಾ?

ಉತ್ತರ: ಅಂಟು ಬೇಡ, ನಾಳೆ ಒಂದು ಎಂಸಿಬಿ ಬದಲಿಸಬೇಕಾದರೆ ಒದ್ದಾಡುತ್ತೀರಿ. 35 ಎಂಎಂ ಡಿನ್ ರೇಲ್ ಮೇಲೆ ಇವು ಕೂರುವುದು ಒಂದು ಕ್ಲಿಪ್‌ನ ಬಲದ ಮೇಲೆ. ಮುಂದಕ್ಕೆ ಬೀಳದಂತೆ ಅದು ಹಿಡಿಯುತ್ತದೆ, ಪಕ್ಕಕ್ಕೆ ಸರಿಯುವುದನ್ನು ಹೆಚ್ಚು ತಡೆಯುವುದಿಲ್ಲ. ಅದಕ್ಕೆಂದೇ ಸ್ಕ್ರೂ ಇರುವ ಎಂಡ್ ಸ್ಟಾಪರ್ ಸಿಗುತ್ತದೆ. ಸಾಲಿನ ಎರಡೂ ತುದಿಗೆ ಒಂದೊಂದು, ಸಾಲು ಉದ್ದವಿದ್ದರೆ ನಡುವೆಯೂ ಒಂದು ಹಾಕಿಸಿ. ಲೋಹದ್ದೇ ತೆಗೆದುಕೊಳ್ಳಿ. ಎಣ್ಣೆ ಜಿಡ್ಡು ರೇಲ್ ಮೇಲೆ ಕೂತಿರುತ್ತದೆ, ಮೇನ್ ಆಫ್ ಮಾಡಿಸಿ ಮೊದಲು ಅದನ್ನು ಒರೆಸಿ. ಬೋರ್ಡ್ ಅನ್ನು ಎಕ್ಸ್‌ಪೆಲ್ಲರ್ (ಎಣ್ಣೆ ಹಿಂಡುವ ಯಂತ್ರ) ನಿಂತಿರುವ ಕಟ್ಟೆಯಿಂದ ಬೇರೆ ಗೋಡೆಗೆ ಸಾಗಿಸಲು ಆಗುವುದಾದರೆ ಅದು ಇನ್ನೂ ಒಳ್ಳೆಯದು. ವೈರ್ ಜಗ್ಗಿದ ಟರ್ಮಿನಲ್‌ಗಳ ಸ್ಕ್ರೂ ಸಡಿಲವಾಗಿ ಬಿಸಿಯಾಗುತ್ತಿರಬಹುದು, ಅವನ್ನು ಇವತ್ತೇ ನೋಡಿಸಿ.

ಪ್ರಶ್ನೆ: ಥ್ರೆಡ್ ಲಾಕರ್ ದ್ರವ ಹಾಕಿದರೆ ಕ್ಲಾಂಪ್ ರೇಲ್‌ನಲ್ಲಿ ಜಾರುವುದು ನಿಲ್ಲುತ್ತದೆಯೇ? (ಹೊಳಲ್ಕೆರೆ)

ಉತ್ತರ: ಇಲ್ಲ. ಅದು ನಟ್ ಮತ್ತು ಬೋಲ್ಟ್ ಒಂದಕ್ಕೊಂದು ತಿರುಗದಂತೆ ಮಾಡುತ್ತದೆ, ರೇಲ್‌ನ ಹಿಡಿತಕ್ಕೆ ಅದರಿಂದ ಏನೂ ಸೇರುವುದಿಲ್ಲ. ಹಾಕುವುದಾದರೆ ಬಿಗಿಯುವ ಮೊದಲೇ ಹಾಕಿ. ಥ್ರೆಡ್‌ನಲ್ಲಿ ಎಣ್ಣೆ ಇದ್ದರೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ನೈಲಾಕ್ ನಟ್ ಇರುವ ಕಡೆ ಅದರ ಖರ್ಚು ದಂಡ. ಅದರ ಬದಲು ಬಿಗಿದ ಮೇಲೆ ನಟ್‌ನಿಂದ ಕ್ಲಾಂಪ್‌ವರೆಗೆ, ಕ್ಲಾಂಪ್‌ನಿಂದ ರೇಲ್‌ವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಎಲ್ಲಿ ತುಂಡಾಗಿದೆ ನೋಡಿದರೆ ತಿರುಗಿದ್ದು ನಟ್ಟೋ, ಜಾರಿದ್ದು ಕ್ಲಾಂಪೋ ಕೆಳಗೆ ನಿಂತೇ ಗೊತ್ತಾಗುತ್ತದೆ.